ಕಿಟಕಿಗೆ ಫಿಲ್ಮ್ ಅಂಟಿಸುವಾಗ ನೀರಿನ ಲೆಕ್ಕ

ಕಿಟಕಿ ಫಿಲ್ಮ್ ಹಾಕಿಕೊಂಡವರ ದೂರುಗಳಲ್ಲಿ ಹೆಚ್ಚಿನವು ಎರಡೇ ಬಗೆಯವು. "ಗುಳ್ಳೆ ಬಂದಿದೆ, ಅಂಚು ಏಳ್ತಾ ಇದೆ" ಅನ್ನುವುದು ಒಂದು. "ಹಗಲು ಚೆನ್ನಾಗಿದೆ, ರಾತ್ರಿ ಲೈಟ್ ಹಾಕಿದರೆ ಮನೆಯೆಲ್ಲ ಹೊರಗೆ ಕಾಣುತ್ತೆ" ಅನ್ನುವುದು ಇನ್ನೊಂದು. ಮೊದಲನೆಯದು ಅಂಟಿಸುವಾಗಿನ ತಪ್ಪು. ಎರಡನೆಯದು ಕೊಳ್ಳುವಾಗಲೇ ಆದ ತಪ್ಪು, ಎಷ್ಟು ನಾಜೂಕಾಗಿ ಅಂಟಿಸಿದರೂ ಸರಿಹೋಗುವಂಥದ್ದಲ್ಲ. ಅದಕ್ಕೇ ಆಯ್ಕೆಯ ಮಾತು ಮೊದಲು.

ಮರೆಗೆ ಯಾವುದು

ಕನ್ನಡಿಯಂತೆ ಹೊಳೆಯುವ ಫಿಲ್ಮಿಗೆ ಮನೆಯ ಒಳಗು ಯಾವುದು, ಹೊರಗು ಯಾವುದು ಅಂತ ಗೊತ್ತಿರುವುದಿಲ್ಲ. ಬೆಳಕು ಯಾವ ಕಡೆ ಹೆಚ್ಚೋ ಆ ಕಡೆ ನಿಂತವರಿಗೆ ಅದು ಕನ್ನಡಿ, ಕಡಿಮೆ ಇರುವ ಕಡೆಯವರಿಗೆ ಬರೀ ಗಾಜು. ಹಗಲಲ್ಲಿ ಹೊರಗೆ ಬೆಳಕು ಹೆಚ್ಚು, ಆದ್ದರಿಂದ ಮನೆಯೊಳಗಿನದು ಕಾಣದು. ಕತ್ತಲಾಗಿ ಒಳಗೆ ದೀಪ ಹಚ್ಚಿದ ಕೂಡಲೇ ಲೆಕ್ಕ ತಿರುಗುತ್ತದೆ: ಹೊರಗಿನವರಿಗೆ ನೀವು ಕಾಣುತ್ತೀರಿ, ನಿಮಗೆ ನಿಮ್ಮ ಮುಖವೇ ಕಾಣುತ್ತದೆ. ಪೊಟ್ಟಣದ ಮೇಲೆ ಏನೇ ಬರೆದಿರಲಿ, ಇದನ್ನು ಮೀರುವ ಕನ್ನಡಿ ಫಿಲ್ಮ್ ಇಲ್ಲ. ಅದನ್ನು ಹಾಕಿದ ಮೇಲೂ ರಾತ್ರಿಗೆ ಪರದೆ ಬೇಕೇ ಬೇಕು.

ಹಗಲು ರಾತ್ರಿ ಎರಡೂ ಹೊತ್ತು ಮರೆ ಬೇಕಾದರೆ ಫ್ರಾಸ್ಟೆಡ್ ಫಿಲ್ಮ್. ಅದು ಬೆಳಕನ್ನು ತಡೆಯುವುದಿಲ್ಲ, ಚದುರಿಸುತ್ತದೆ. ಗಾಜಿನಿಂದ ದೂರ ಇದ್ದವರು ಮಬ್ಬು ಬಣ್ಣವಾಗಿ ಕರಗುತ್ತಾರೆ. ಗಾಜಿಗೆ ತೀರಾ ಹತ್ತಿರ ನಿಂತು ಹಿಂದೆ ದೀಪವಿದ್ದರೆ ಆಕಾರ ಮಾತ್ರ ನೆರಳಾಗಿ ಕಾಣಿಸೀತು. ಬಚ್ಚಲಿಗೆ ಇದೇ ಸರಿ. ಹಜಾರದ ಕಿಟಕಿಗೆ ಪೂರ್ತಿ ಹಾಕಿದರೆ ಹೊರಗಿನ ನೋಟವೇ ಹೋಗುತ್ತದೆ, ಅದು ದಂಡ. ಅಂಥಲ್ಲಿ ನೆಲದಿಂದ 160 ಸೆಂ.ಮೀ. ಎತ್ತರದವರೆಗೆ ಫ್ರಾಸ್ಟೆಡ್ ಹಾಕಿ ಮೇಲಿನದನ್ನು ಬಿಟ್ಟರೆ ಆಕಾಶವೂ ಉಳಿಯುತ್ತದೆ, ಮರೆಯೂ ಆಗುತ್ತದೆ. ಬಾಡಿಗೆ ಮನೆಯಾದರೆ ಅಂಟಿಲ್ಲದೆ ಬರೀ ನೀರಿನಿಂದ ಹಿಡಿದು ನಿಲ್ಲುವ ವಿನೈಲ್ ಹಾಳೆ ಸಾಕು. ಬೇಕಾದಾಗ ಕಿತ್ತು ಸುರುಳಿ ಸುತ್ತಿಡಬಹುದು. ಬಿಸಿಲು ತಡೆಯಲು ಮಾತ್ರ ಅದನ್ನು ನಂಬಬೇಡಿ.

ಬಿಸಿಲಿಗೆ ಯಾವುದು

ಇಲ್ಲಿ ಮೋಸ ಹೋಗುವುದು ಶೇಕಡಾ ಅಂಕಿಗಳಿಂದ. "ಶೇ 99 ಯುವಿ (ಅತಿನೇರಳೆ ಕಿರಣ) ತಡೆ" ಅನ್ನುವುದು ಒಳ್ಳೆಯ ಫಿಲ್ಮ್‌ಗಳಿಗೆಲ್ಲ ಇರುವ ಗುಣ, ಅದನ್ನು ನೋಡಿ ಆರಿಸುವುದು ವ್ಯರ್ಥ. ಸೋಫಾ, ಮರದ ನೆಲ ಬಣ್ಣ ಕಳೆದುಕೊಳ್ಳುವುದು ಅದರಿಂದ ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಕಾಣುವ ಬೆಳಕು ಮತ್ತು ಶಾಖವೂ ಬಣ್ಣವನ್ನು ತಿನ್ನುತ್ತವೆ. "ಶೇ 90 ಇನ್‌ಫ್ರಾರೆಡ್ ತಡೆ" ಅನ್ನುವುದು ಇನ್ನೂ ಜಾಣತನದ ಮಾತು. ಬಿಸಿಲಿನ ಶಕ್ತಿಯಲ್ಲಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್‌ನ ಪಾಲು ಸುಮಾರು ಅರ್ಧ. ಉಳಿದದ್ದು ಬಹುಪಾಲು ಕಾಣುವ ಬೆಳಕು, ಅದೂ ಕೋಣೆಯೊಳಗೆ ಬಿದ್ದ ಮೇಲೆ ಶಾಖವೇ ಆಗುತ್ತದೆ. ಅಂದರೆ ಶೇ 90 ಅನ್ನುವುದು ಒಟ್ಟು ಶಾಖದಲ್ಲಿ ಹೆಚ್ಚೆಂದರೆ ಅರ್ಧಕ್ಕಿಂತ ಕಡಿಮೆ. ಸಾಲದ್ದಕ್ಕೆ, ಎಷ್ಟೋ ಸಲ ಆ ಅಂಕಿಯನ್ನು ಇನ್‌ಫ್ರಾರೆಡ್‌ನ ಒಂದು ಕಿರಿದಾದ ಪಟ್ಟಿಯಲ್ಲಿ ಮಾತ್ರ ಅಳೆದಿರುತ್ತಾರೆ.

ಕೇಳಬೇಕಾದ ಅಂಕಿ ಎರಡು. ವಿಎಲ್‌ಟಿ ಅಂದರೆ ಎಷ್ಟು ಪಾಲು ಬೆಳಕು ಒಳಗೆ ಬರುತ್ತದೆ ಅನ್ನುವುದು. ಟಿಎಸ್‌ಇಆರ್ ಅಂದರೆ ಬಿಸಿಲಿನ ಒಟ್ಟು ಶಕ್ತಿಯಲ್ಲಿ ಎಷ್ಟು ಪಾಲು ಹೊರಗೇ ಉಳಿಯುತ್ತದೆ ಅನ್ನುವುದು. ಕೆಲವರು ಟಿಎಸ್‌ಇಆರ್ ಬದಲು ಎಸ್‌ಎಚ್‌ಜಿಸಿ ಕೊಡುತ್ತಾರೆ, ಅದು ಇದರ ಉಲ್ಟಾ, ಅಂದರೆ ಒಳಗೆ ಬರುವ ಪಾಲು: ಎಸ್‌ಎಚ್‌ಜಿಸಿ 0.40 ಅಂದರೆ ಟಿಎಸ್‌ಇಆರ್ ಶೇ 60. ಏನೂ ಹಾಕದ 3 ಮಿ.ಮೀ. ಗಾಜಿನ ಎಸ್‌ಎಚ್‌ಜಿಸಿ ಸುಮಾರು 0.86, ಅಂದರೆ ಬರೀ ಗಾಜೇ ಶೇ 14ರಷ್ಟನ್ನು ತಡೆಯುತ್ತಿರುತ್ತದೆ. ಹಾಗಾಗಿ ಟಿಎಸ್‌ಇಆರ್ ಶೇ 50 ಇರುವ ಫಿಲ್ಮ್ ಹಾಕಿದರೆ ಒಳಬರುವ ಬಿಸಿ 86ರಿಂದ 50ಕ್ಕೆ ಇಳಿಯುತ್ತದೆ. ಈಗ ಬರುತ್ತಿರುವುದಕ್ಕೆ ಹೋಲಿಸಿದರೆ ಉಳಿತಾಯ ಶೇ 42ರ ಆಸುಪಾಸು, 50 ಅಲ್ಲ.

ಬರೀ ಬಣ್ಣದ ಫಿಲ್ಮ್ ಅಗ್ಗ. ಅದು ಬಿಸಿಲನ್ನು ಹೀರಿ ಗಾಜನ್ನೇ ಕಾಯಿಸುತ್ತದೆ, ಕಾದ ಗಾಜು ಸ್ವಲ್ಪ ಶಾಖವನ್ನು ಒಳಗೂ ಬಿಡುತ್ತದೆ. ಕೆಲವು ವರ್ಷಗಳಲ್ಲಿ ನೇರಳೆ ಬಣ್ಣಕ್ಕೆ ತಿರುಗುವ ಚಾಳಿಯೂ ಇಂಥವಕ್ಕೇ. ಲೋಹದ ಲೇಪದ ಫಿಲ್ಮ್ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ, ಕೊಟ್ಟ ದುಡ್ಡಿಗೆ ಕೆಲಸ ಹೆಚ್ಚು. ಆದರೆ ಹೊರಗಿಂದ ಕನ್ನಡಿಯಂತೆ ಕಾಣುತ್ತದೆ, ಮೊಬೈಲ್ ಸಿಗ್ನಲ್ ಮೊದಲೇ ಕಷ್ಟದಲ್ಲಿರುವ ಕೋಣೆಯಲ್ಲಿ ಅದನ್ನು ಇನ್ನಷ್ಟು ಕುಗ್ಗಿಸಲೂಬಹುದು. ಸೆರಾಮಿಕ್ ಫಿಲ್ಮ್‌ನಲ್ಲಿ ಬೆಳಕು ಚೆನ್ನಾಗಿ ಉಳಿದು ಇನ್‌ಫ್ರಾರೆಡ್ ಕಡಿಮೆಯಾಗುತ್ತದೆ, ಸಿಗ್ನಲ್‌ಗೆ ತೊಂದರೆಯಿಲ್ಲ, ಬೆಲೆ ಮಾತ್ರ ಜಾಸ್ತಿ. ಇಳಿಬಿಸಿಲು ನೇರ ಹೊಡೆಯುವ ಪಶ್ಚಿಮದ ಕಿಟಕಿಗೆ ದುಡ್ಡು ಹಾಕಿ, ನೇರ ಬಿಸಿಲೇ ಬೀಳದ ಕಿಟಕಿಗೆ ಬೇಡ. ಕಿಟಕಿಯ ಹೊರಗೆ ಚಜ್ಜವನ್ನೋ ಬಿದಿರು ಚಾಪೆಯನ್ನೋ ಹಾಕಲು ಜಾಗವಿದ್ದರೆ ಅದು ಯಾವ ಫಿಲ್ಮಿಗಿಂತಲೂ ಮೇಲು, ಏಕೆಂದರೆ ಬಿಸಿಲು ಗಾಜನ್ನು ಮುಟ್ಟುವುದೇ ಇಲ್ಲ.

ಗಾಜು ತಡೆದುಕೊಳ್ಳುತ್ತದೆಯೇ

ಇದನ್ನು ಕೇಳದೆ ಅಂಟಿಸುವವರೇ ಹೆಚ್ಚು. ಫಿಲ್ಮ್ ಹೀರಿದ ಶಾಖಕ್ಕೆ ಗಾಜಿನ ನಡುಭಾಗ ಕಾದು ಹಿಗ್ಗುತ್ತದೆ. ಚೌಕಟ್ಟಿನೊಳಗೆ ಅಡಗಿದ ಅಂಚು ತಣ್ಣಗೇ ಇರುತ್ತದೆ. ಈ ಎಳೆದಾಟದಲ್ಲಿ ಸಾಮಾನ್ಯ ಗಾಜು ಸುಮಾರು 40 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸಕ್ಕೆ ಸೋಲುತ್ತದೆ, ಅಂಚಿನಲ್ಲಿ ಚಕ್ಕೆ ಎದ್ದಿದ್ದರೆ ಅದಕ್ಕೂ ಮೊದಲೇ. ಯಾರೂ ಮುಟ್ಟದೆ ಗಾಜು ಸೀಳಿದೆ, ಸೀಳು ಅಂಚಿನಿಂದ ನೇರ ಲಂಬವಾಗಿ ಹೊರಟಿದೆ ಅಂದರೆ ಕಾರಣ ಇದೇ. ಟಫನ್ಡ್ ಗಾಜಿಗೆ, ಅಂದರೆ ಕುಲುಮೆಯಲ್ಲಿ ಕಾಯಿಸಿ ಥಟ್ಟನೆ ತಣಿಸಿ ಗಟ್ಟಿ ಮಾಡಿದ ಗಾಜಿಗೆ, ಈ ಭಯವಿಲ್ಲ, 200 ಡಿಗ್ರಿಯ ಹತ್ತಿರದ ವ್ಯತ್ಯಾಸವನ್ನೂ ತಾಳುತ್ತದೆ. ಸಾಮಾನ್ಯವಾಗಿ ಅದರ ಒಂದು ಮೂಲೆಯಲ್ಲಿ ಅಳಿಸಲಾಗದ ಸಣ್ಣ ಮುದ್ರೆ ಇರುತ್ತದೆ, ನೋಡಿಕೊಳ್ಳಿ.

ತಂತಿ ಜಾಲರಿ ಹುದುಗಿಸಿದ ಗಾಜಿಗೆ ಹೀರುವ ಫಿಲ್ಮ್ ಹಾಕಲೇಬೇಡಿ. ಬಣ್ಣದ ಗಾಜು, ನಡುವೆ ಪ್ಲಾಸ್ಟಿಕ್ ಪದರವಿಟ್ಟು ಬೆಸೆದ ಲ್ಯಾಮಿನೇಟೆಡ್ ಗಾಜು, ಎರಡು ಪದರದ ಮುಚ್ಚಿದ ಗಾಜು ಇವುಗಳಿಗೆ ಫಿಲ್ಮ್ ತಯಾರಕರು ಕೊಡುವ ಹೊಂದಾಣಿಕೆ ಪಟ್ಟಿ ನೋಡಿಯೇ ಮುಂದುವರಿಯಬೇಕು. ಎರಡು ಪದರದ ಗಾಜಿನ ಒಳಮೈಗೆ ಗಾಢ ಫಿಲ್ಮ್ ಹಾಕಿದರೆ ಒಳಗಿನ ಹಲಗೆ ಕಾಯುತ್ತದೆ, ನಡುವಿನ ಗಾಳಿ ಆ ಶಾಖವನ್ನು ಹೊರಗೆ ಹೋಗಲು ಬಿಡುವುದಿಲ್ಲ, ಅಂಚಿನ ಸೀಲ್ ಸೊರಗುತ್ತದೆ. ಗಾಜಿನ ವಾರಂಟಿ ಹೋಗುವ ಸಾಧ್ಯತೆಯೂ ಇದೆ. ಅಂಥ ಕಿಟಕಿಗೆ ಹೊರಮೈಗೆಂದೇ ತಯಾರಾದ ಫಿಲ್ಮ್ ಬೇಕು. ಮಳೆ, ಧೂಳು, ಬಿಸಿಲಿಗೆ ಒಡ್ಡಿಕೊಂಡಿರುವುದರಿಂದ ಅದರ ಬಾಳಿಕೆ ಒಳಗಿನದಕ್ಕಿಂತ ಕಡಿಮೆ. ಇನ್ನು ಉಬ್ಬುತಗ್ಗಿನ ವಿನ್ಯಾಸದ ಮೈಗೆ ಯಾವ ಫಿಲ್ಮೂ ಹಿಡಿಯದು. ಅಕ್ರಿಲಿಕ್, ಪಾಲಿಕಾರ್ಬನೇಟ್ ಹಲಗೆಗಳು ಒಳಗಿನಿಂದ ಅನಿಲ ಬಿಡುತ್ತಾ ಇರುತ್ತವೆ, ಅದು ಫಿಲ್ಮಿನಡಿ ಗುಳ್ಳೆಯಾಗಿ ನಿಲ್ಲುತ್ತದೆ.

ನೀರು, ಶಾಂಪೂ, ಬ್ಲೇಡು

ಫಿಲ್ಮಿನ ಅಂಟು ಒತ್ತಿದರೆ ಹಿಡಿಯುವ ಜಾತಿಯದು. ಒಣಗಾಜಿಗೆ ತಾಗಿದ ಕ್ಷಣವೇ ಕಚ್ಚಿಕೊಂಡುಬಿಡುತ್ತದೆ, ಸರಿಸಲು ಆಗುವುದಿಲ್ಲ. ನಡುವೆ ಸೋಪುನೀರಿನ ತೆಳು ಪದರ ಇದ್ದರೆ ಫಿಲ್ಮ್ ತೇಲುತ್ತದೆ, ಬೇಕಾದಲ್ಲಿಗೆ ಜಾರಿಸಿ ಕೂರಿಸಬಹುದು. ಆಮೇಲೆ ಆ ನೀರನ್ನು ಹೊರಗೆ ತಳ್ಳಬೇಕು. ಅಂಟಿಸುವ ಕೆಲಸ ಅಂದರೆ ನಿಜಕ್ಕೂ ನೀರು ತೆಗೆಯುವ ಕೆಲಸ. ಶಾಂಪೂವಿನ ಅಳತೆ, ಅಂಚಿನಲ್ಲಿ ಬಿಡುವ ಸಂದು, ತಿಂಗಳ ಕಾಯುವಿಕೆ ಎಲ್ಲವೂ ಈ ಒಂದು ಮಾತಿನಿಂದಲೇ ಹುಟ್ಟಿದವು.

ಒಂದು ಲೀಟರ್ ಫಿಲ್ಟರ್ ನೀರಿಗೆ ಅರ್ಧ ಟೀ ಚಮಚ, ಅಂದರೆ ಸುಮಾರು 2.5 ಎಂ.ಎಲ್. ಬೇಬಿ ಶಾಂಪೂ. ಕಂಡಿಷನರ್ ಸೇರಿದ ಶಾಂಪೂ, ಕೈ ಮೃದುವಾಗಲೆಂದು ಎಣ್ಣೆ ಬೆರೆಸಿದ ಪಾತ್ರೆ ಸೋಪು ಬೇಡ, ಆ ಜಿಡ್ಡು ಅಂಟಿನಡಿ ಉಳಿಯುತ್ತದೆ. ಗಡಸು ನೀರಾದರೆ ಒಣಗಿದ ಮೇಲೆ ಬಿಳಿ ಕಲೆ ಒಳಗೇ ಉಳಿದುಬಿಡುತ್ತದೆ, ಒರೆಸಲು ದಾರಿಯಿಲ್ಲ. ಶಾಂಪೂ ಕಡಿಮೆಯಾದರೆ ಫಿಲ್ಮ್ ಜಾರದೆ ಅಲ್ಲಲ್ಲಿ ಕಚ್ಚುತ್ತದೆ. ಹೆಚ್ಚಾದರೆ ಎಷ್ಟು ಎಳೆದರೂ ಫಿಲ್ಮ್ ಗಾಜಿನ ಮೇಲೆ ಜಾರುತ್ತಲೇ ಇರುತ್ತದೆ, ಮಬ್ಬು ವಾರಗಟ್ಟಲೆ ಹೋಗುವುದಿಲ್ಲ. ಪರೀಕ್ಷೆ ಸುಲಭ: ಗಾಜಿಗೆ ಸಿಂಪಡಿಸಿ ಬೆರಳಾಡಿಸಿದರೆ ಜಾರಬೇಕು, ನೊರೆ ಬರಬಾರದು.

ಉಳಿದ ಸಾಮಾನು: ಎರಡು ಸ್ಪ್ರೇ ಬಾಟಲಿ, ನೀರೆಳೆಯಲು ಗಟ್ಟಿ ರಬ್ಬರ್ ಅಲಗಿನ ಸ್ಕ್ವೀಜಿ, ಗಾಜು ಕೆರೆಯುವ ಬ್ಲೇಡು, ತುದಿ ಮುರಿಯುವ ಕಟರ್, ನಾರು ಬಿಡದ ಬಟ್ಟೆ, ಪೇಪರ್ ಟವೆಲ್, ಸೆಲ್ಲೋಟೇಪು, ಅಳತೆ ಪಟ್ಟಿ. ಪೊಟ್ಟಣದ ಜೊತೆ ಬರುವ ಪ್ಲಾಸ್ಟಿಕ್ ಕಾರ್ಡನ್ನು ನೆಚ್ಚಿಕೊಳ್ಳಬೇಡಿ. ಅದರಿಂದ ನೀರು ಪೂರ್ತಿ ಹೊರಡುವುದಿಲ್ಲ. ಒಂದು ಮೀಟರಿಗಿಂತ ದೊಡ್ಡ ಗಾಜಾದರೆ ಇಬ್ಬರು ಬೇಕು.

ಹೊತ್ತು ಬೆಳಿಗ್ಗೆ ಅಥವಾ ಸಂಜೆ, ಗಾಜಿನ ಮೇಲೆ ಬಿಸಿಲು ಇಲ್ಲದಾಗ. ಕಾದ ಗಾಜಿನ ಮೇಲೆ ನೀವು ಫಿಲ್ಮ್ ಸರಿಪಡಿಸುವಷ್ಟರಲ್ಲಿ ನೀರು ಆರಿಹೋಗುತ್ತದೆ. ತೀರಾ ಚಳಿಯಲ್ಲಿ ಅಂಟು ಸೋಮಾರಿಯಾಗುತ್ತದೆ. ಫ್ಯಾನ್ ಆಫ್ ಮಾಡಿ, ಪರದೆ ಬಿಚ್ಚಿಡಿ, ಕಿಟಕಿಯ ಕೆಳಗೆ ಹಳೆ ಟವೆಲ್ ಹಾಸಿ.

ಗಾಜು ತೊಳೆಯುವುದು

ಮುಕ್ಕಾಲು ಪಾಲು ಹೊತ್ತು ಇದಕ್ಕೇ ಹೋಗಬೇಕು. ಮೊದಲು ಚೌಕಟ್ಟನ್ನೂ ರಬ್ಬರ್ ಬೀಡಿಂಗನ್ನೂ ಒರೆಸಿ. ಗಾಜು ಎಷ್ಟೇ ಹೊಳೆಯುತ್ತಿದ್ದರೂ ಅಂಚಿನ ಸಂದಿನಲ್ಲಿ ಕೂತ ಧೂಳು ನೀರಿನ ಜೊತೆ ಒಳಕ್ಕೆ ಹರಿದು ಬರುತ್ತದೆ. ನಂತರ ಗಾಜಿಗೆ ಧಾರಾಳವಾಗಿ ಸಿಂಪಡಿಸಿ, ಬ್ಲೇಡನ್ನು ಓರೆಯಾಗಿ ಹಿಡಿದು ಇಂಚಿಂಚೂ ಕೆರೆಯಿರಿ. ಬ್ಲೇಡು ಮುಂದಕ್ಕೆ ಮಾತ್ರ ಹೋಗಲಿ. ಹಿಂದಕ್ಕೆ ಎಳೆದರೆ ಕೆಳಗೆ ಸಿಕ್ಕಿದ ಮರಳಿನ ಕಾಳು ಗಾಜಿಗೆ ಗೀರು ಹಾಕುತ್ತದೆ. ಬಣ್ಣದ ಹನಿ, ಸಿಮೆಂಟು ಚುಕ್ಕೆ ಬೆರಳಿಗೆ ತಾಗದಿದ್ದರೂ ಬ್ಲೇಡಿಗೆ ಸದ್ದಾಗಿ ತಿಳಿಯುತ್ತವೆ. ಸರಸರ ಅನ್ನುತ್ತಿದ್ದ ಬ್ಲೇಡು ಒಂದೆಡೆ ಕಟಕಟ ಅಂದರೆ ಅಲ್ಲಿ ಏನೋ ಇದೆ. ಟಫನ್ಡ್ ಗಾಜಿನಲ್ಲಿ ಮಾತ್ರ ಜೋಪಾನ. ಕುಲುಮೆಯಲ್ಲಿ ಅಂಟಿಕೊಂಡ ಸಣ್ಣ ಕಣಗಳು ಕೆಲವು ಗಾಜಿನ ಮೈಮೇಲೆ ಇರುತ್ತವೆ, ಬ್ಲೇಡಿಗೆ ಕಿತ್ತು ಬಂದರೆ ಉದ್ದಕ್ಕೂ ಗೀರು ಬೀಳುತ್ತದೆ. ಮೂಲೆಯಲ್ಲಿ ಪರೀಕ್ಷಿಸಿ, ಒರಟೆನಿಸಿದರೆ ಬ್ಲೇಡು ಬಿಟ್ಟು ಬಿಳಿ ನೈಲಾನ್ ಪ್ಯಾಡ್ ಹಿಡಿಯಿರಿ.

ಆಮೇಲೆ ಸ್ಕ್ವೀಜಿಯಿಂದ ಮೇಲಿಂದ ಕೆಳಕ್ಕೆ ನೀರೆಳೆದು, ನಾಲ್ಕು ಅಂಚನ್ನು ಬಟ್ಟೆಯಿಂದ ಒರೆಸಿ, ಇದೆಲ್ಲವನ್ನೂ ಇನ್ನೊಮ್ಮೆ ಮಾಡಿ. ಅಮೋನಿಯಾ ಇರುವ ಗಾಜು ಕ್ಲೀನರ್ ಇಲ್ಲಿಗೂ ಬೇಡ, ಮುಂದೆಯೂ ಬೇಡ.

ಅಂಟಿಸುವುದು

ಗಾಜಿನ ಅಗಲ, ಎತ್ತರವನ್ನು ಎರಡು ತುದಿಯಲ್ಲೂ ನಡುವಿನಲ್ಲೂ ಅಳೆಯಿರಿ. ಚೌಕಟ್ಟು ನೇರ ಇದೆ ಅಂತ ಭಾವಿಸಬೇಡಿ. ಕರ್ಣಗಳ ಅಳತೆ ಬೇರೆಬೇರೆ ಬಂದರೆ ಸೊಟ್ಟಗಿದೆ ಅಂತಲೇ ಅರ್ಥ. ಫಿಲ್ಮನ್ನು ಎರಡೂ ದಿಕ್ಕಿನಲ್ಲಿ 3 ಸೆಂ.ಮೀ. ಹೆಚ್ಚಿಗೆ ಕತ್ತರಿಸಿ. ಕಾರ್ಖಾನೆಯಲ್ಲಿ ಕತ್ತರಿಸಿದ ನೇರ ಅಂಚನ್ನು ಒಂದು ಬದಿಗೆ ಇಟ್ಟುಕೊಂಡರೆ ಆ ಬದಿಯನ್ನು ಮತ್ತೆ ಕತ್ತರಿಸುವ ಗೋಜಿಲ್ಲ.

ಫಿಲ್ಮಿನ ಹಿಂದೆ ತೆಳುವಾದ ಪಾರದರ್ಶಕ ಹಾಳೆ ಇರುತ್ತದೆ, ಲೈನರ್ ಅನ್ನುತ್ತಾರೆ. ಉಗುರಿನಿಂದ ಬಿಡಿಸಲು ಹೋಗಿ ಮೂಲೆ ಮಡಚಿದರೆ ಆ ಗೆರೆ ಮತ್ತೆ ಹೋಗದು. ಮೂಲೆಯ ಎರಡೂ ಬದಿಗೆ ಒಂದೊಂದು ತುಂಡು ಸೆಲ್ಲೋಟೇಪು ಅಂಟಿಸಿ ಎದುರುಬದುರು ಎಳೆದರೆ ಎರಡೂ ಹಾಳೆ ಬೇರೆಯಾಗುತ್ತವೆ. ಯಾವುದು ಲೈನರ್ ಅನ್ನುವುದೂ ಆಗಲೇ ಗೊತ್ತಾಗುತ್ತದೆ, ಅಂಟಿಲ್ಲದ್ದು ಅದು. ಲೈನರ್ ಸರಿದಂತೆಲ್ಲ ಬಯಲಾದ ಅಂಟಿನ ಮೇಲೆ ಒಬ್ಬರು ಸಿಂಪಡಿಸುತ್ತಾ ಬರಬೇಕು. ಹಾಳೆ ಕಿತ್ತಾಗ ಹುಟ್ಟುವ ಸ್ಥಾಯೀ ವಿದ್ಯುತ್ತು ಕೋಣೆಯ ಧೂಳನ್ನು ಸೆಳೆಯುತ್ತದೆ. ಒದ್ದೆ ಮೈಗೆ ಆ ಸೆಳೆತ ಕಡಿಮೆ, ಎರಡು ಕಡೆ ಅಂಟು ತಾಗಿದರೂ ಬಿಡಿಸಬಹುದು.

ಗಾಜನ್ನೂ ನೀರು ಇಳಿಯುವಷ್ಟು ಒದ್ದೆ ಮಾಡಿ, ಅಂಟಿನ ಮೈ ಗಾಜಿಗೆ ತಾಗುವಂತೆ ಮೇಲಿನಿಂದ ಇಳಿಬಿಡಿ. ಅಂಗೈಯಿಂದ ಜಾರಿಸಿ ಕಾರ್ಖಾನೆ ಅಂಚನ್ನು ಚೌಕಟ್ಟಿನಿಂದ 1.5 ಮಿ.ಮೀ. ದೂರ ನಿಲ್ಲಿಸಿ. ಈಗ ಫಿಲ್ಮಿನ ಹೊರಮೈಗೂ ಸಿಂಪಡಿಸಿ, ಇಲ್ಲದಿದ್ದರೆ ಸ್ಕ್ವೀಜಿ ಜಾರದೆ ಫಿಲ್ಮನ್ನೇ ಹಿಡಿದೆಳೆದು ನಿರಿಗೆ ಹಾಕುತ್ತದೆ. ಮೊದಲ ಎಳೆತ ಮೇಲ್ಭಾಗದಲ್ಲಿ, ಅಂಚಿನಿಂದ ಸ್ವಲ್ಪ ಕೆಳಗೆ, ಅಡ್ಡಕ್ಕೆ. ಫಿಲ್ಮ್ ಅಲ್ಲಿ ಹಿಡಿದ ಮೇಲೆ ನಡುವಿನಿಂದ ಎರಡೂ ಬದಿಗೆ, ಒಂದು ಎಳೆತದ ಮೇಲೆ ಇನ್ನೊಂದು ಅರ್ಧ ಬರುವಂತೆ ಕೆಳಗಿಳಿಯಿರಿ. ಈ ಸುತ್ತಿನಲ್ಲಿ ಹೆಚ್ಚು ಬಲ ಬೇಡ, ಸ್ಥಾನ ನಿಂತರೆ ಸಾಕು.

ನಂತರ ಹೆಚ್ಚುವರಿ ಅಂಚು ಕತ್ತರಿಸುವುದು. ಎರಡು ಬ್ಯಾಂಕ್ ಕಾರ್ಡುಗಳನ್ನು ಜೋಡಿಸಿದರೆ ದಪ್ಪ ಸರಿಯಾಗಿ 1.5 ಮಿ.ಮೀ. ಅವನ್ನು ಚೌಕಟ್ಟಿಗೆ ಒರಗಿಸಿ ಗಾಜಿನ ಮೇಲೆ ನಿಲ್ಲಿಸಿ, ಕಟರನ್ನು ಕಾರ್ಡಿನ ಮಗ್ಗುಲಿಗೇ ಓಡಿಸಿದರೆ ಸಂದು ಎಲ್ಲ ಕಡೆ ಒಂದೇ ಸಮ ಬರುತ್ತದೆ. ಪ್ರತಿ ಬದಿಗೂ ಬ್ಲೇಡಿನ ಹೊಸ ತುದಿ ಮುರಿದುಕೊಳ್ಳಿ. ಮೊಂಡು ಬ್ಲೇಡು ಫಿಲ್ಮನ್ನು ಕೊಯ್ಯುವುದಿಲ್ಲ, ಹರಿಯುತ್ತದೆ. ಕಟರಿನ ತನ್ನ ಭಾರವೇ ಸಾಕು, ಒತ್ತಿದರೆ ಗಾಜಿಗೆ ಗೀರು ಬಿದ್ದು ಮುಂದೊಂದು ದಿನ ಅಲ್ಲಿಂದಲೇ ಸೀಳು ಹೊರಟೀತು.

ಈ ಸಂದು ಯಾಕೆ ಅಂತ ಕೇಳುವವರು ಬಹಳ. ಫಿಲ್ಮ್ ಬೀಡಿಂಗಿಗೆ ತಾಗಿದ್ದರೆ ನೀರಿಗೆ ಹೊರದಾರಿ ಇಲ್ಲ, ಅಂಚು ಬೀಡಿಂಗ್ ಮೇಲೆ ಹತ್ತಿ ನಿಂತು ಕೆಲವೇ ದಿನಗಳಲ್ಲಿ ಸುರುಳಿಯುತ್ತದೆ. 1.5 ಮಿ.ಮೀ. ಬೆಳಕಿನ ಗೆರೆ ಎರಡು ಹೆಜ್ಜೆ ದೂರದಿಂದ ಕಣ್ಣಿಗೆ ಬೀಳುವುದಿಲ್ಲ.

ಕೊನೆಯ ಸುತ್ತಿನಲ್ಲಿ ಮತ್ತೆ ಹೊರಮೈಗೆ ಸಿಂಪಡಿಸಿ, ಎರಡೂ ಕೈಯ ಬಲ ಹಾಕಿ ನಡುವಿನಿಂದ ಅಂಚಿಗೆ ಎಳೆಯಿರಿ. ಅಂಚಿಗೆ ಬಂದ ನೀರನ್ನು ಅಲ್ಲೇ ಬಿಟ್ಟರೆ ಅದು ಮರಳಿ ಫಿಲ್ಮಿನಡಿಗೆ ನುಗ್ಗುತ್ತದೆ. ಸ್ಕ್ವೀಜಿಯ ಅಲಗಿಗೆ ಪೇಪರ್ ಟವೆಲ್ ಸುತ್ತಿ ನಾಲ್ಕೂ ಅಂಚಿನ ಗುಂಟ ಒತ್ತಿ ಓಡಿಸಿ, ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ. ಅಂಚು ಏಳುವ ದೂರಿಗೆ ಅರ್ಧ ಮದ್ದು ಇದೇ.

ಒಂದು ಹಾಳೆ ಸಾಲದಷ್ಟು ಅಗಲ ಗಾಜಾದರೆ ಎರಡು ಹಾಳೆಗಳ ಕಾರ್ಖಾನೆ ಅಂಚುಗಳನ್ನು ಎದುರುಬದುರು ತಾಗಿಸಿ. ಒಂದರ ಮೇಲೊಂದು ಹಾಕಿ ಗಾಜಿನ ಮೇಲೇ ಕೊಯ್ಯುವ ಪದ್ಧತಿ ಕಸುಬಿನವರಿಗೆ ಬಿಟ್ಟದ್ದು.

ಗುಳ್ಳೆಗಳ ಜಾತಿ

ಅಂಟಿಸಿದ ಮರುದಿನ ಗಾಜು ಮಬ್ಬಾಗಿ, ಅಲ್ಲಲ್ಲಿ ನೀರಿನ ಚೀಲಗಳಂತೆ ಕಂಡರೆ ಗಾಬರಿ ಬೇಡ. ಉಳಿದ ತೇವ ಫಿಲ್ಮಿನ ಮೂಲಕವೇ ಆವಿಯಾಗಿ ಹೋಗಬೇಕು, ಸಾಮಾನ್ಯ ಫಿಲ್ಮಿಗೆ ಸುಮಾರು 30 ದಿನ. ಚಳಿಯಲ್ಲಿ, ನೆರಳಿನ ಕಿಟಕಿಯಲ್ಲಿ, ದಪ್ಪನೆಯ ಸುರಕ್ಷತಾ ಫಿಲ್ಮಿನಲ್ಲಿ ಇನ್ನೂ ಹೆಚ್ಚು. ಬೆರಳಿಂದ ಒತ್ತಿದರೆ ಸರಿದಾಡುವುದು ನೀರಿನ ಗುಳ್ಳೆ, ಅದು ತಾನೇ ಹೋಗುತ್ತದೆ. ಒತ್ತಿದರೆ ತಗ್ಗಿ ಬಿಟ್ಟರೆ ಮತ್ತೆ ಅಲ್ಲೇ ಏಳುವುದು ಗಾಳಿ. ಅದು ತಿಂಗಳಾದರೂ ಹೋಗದು; ತೀರಾ ಸಣ್ಣ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ಕಾರ್ಡಿನಿಂದ ಒತ್ತಿ ಹೊರಹಾಕಬಹುದು. ನಡುವೆ ಕಪ್ಪು ಚುಕ್ಕೆ, ಸುತ್ತ ಬೆಳಕಿನ ಬಳೆ ಕಂಡರೆ ಅದು ಧೂಳಿನ ಡೇರೆ. ಒದ್ದೆ ಇರುವಾಗಲೇ ಕಣ್ಣಿಗೆ ಬಿದ್ದರೆ ಹತ್ತಿರದ ಮೂಲೆಯಿಂದ ಫಿಲ್ಮ್ ಎತ್ತಿ, ಸಿಂಪಡಿಸಿ, ಟೇಪಿನ ತುದಿಯಿಂದ ಆ ಕಾಳು ತೆಗೆದು ಮತ್ತೆ ಕೂರಿಸಬಹುದು. ಒಣಗಿದ ಮೇಲೆ ಎತ್ತಿದರೆ ಅಂಟೇ ಹರಿಯುತ್ತದೆ, ಆಗ ಸುಮ್ಮನಿರುವುದೇ ಜಾಣತನ. ಅಂಚಿನಿಂದ ಒಳಕ್ಕೆ ಬೆರಳುಗಳಂತೆ ಚಾಚಿದ ಉಬ್ಬುಗಳಿದ್ದರೆ ಆ ಅಂಚಿಗೆ ಬಲ ಸಾಲದು ಅಂತ ಅರ್ಥ. ಮೊದಲ ಒಂದೆರಡು ಗಂಟೆಯೊಳಗೆ ಮತ್ತೆ ಎಳೆದರೆ ಕೂರುತ್ತವೆ.

ಈ 30 ದಿನ ಒಳಮೈ ತೊಳೆಯಬೇಡಿ, ಸಕ್ಷನ್ ಕೊಂಡಿ, ಸ್ಟಿಕ್ಕರ್ ಹಾಕಬೇಡಿ. ಆಮೇಲೂ ಮೆತ್ತನೆ ಬಟ್ಟೆ, ಸೌಮ್ಯ ಸೋಪುನೀರು ಸಾಕು. ಪಾತ್ರೆ ತಿಕ್ಕುವ ಸ್ಕ್ರಬ್ಬರ್ ಮುಟ್ಟಿಸಿದರೆ ಮೇಲಿನ ಗಟ್ಟಿ ಲೇಪಕ್ಕೆ ಗೀರು ಬೀಳುತ್ತದೆ.

ಕೀಳುವಾಗ

ಹಳೆ ಫಿಲ್ಮನ್ನು ತಣ್ಣಗೆ ಕಿತ್ತರೆ ಪಟ್ಟಿಪಟ್ಟಿಯಾಗಿ ಹರಿದು ಅಂಟೆಲ್ಲ ಗಾಜಿನ ಮೇಲೇ ಉಳಿಯುತ್ತದೆ. ಮೂಲೆಗೆ ಹೇರ್ ಡ್ರೈಯರ್ ಹಿಡಿದು ಬೆಚ್ಚಗಾದ ಮೇಲೆ ಬ್ಲೇಡಿನಿಂದ ಎಬ್ಬಿಸಿ, ಗಾಜಿಗೆ ಆದಷ್ಟು ಒರಗಿಸಿ, ನಿಧಾನವಾಗಿ ಎಳೆಯಿರಿ. ಡ್ರೈಯರ್ ಮುಂದೆ ಮುಂದೆ ಸಾಗುತ್ತಿರಲಿ. ಒಂದೇ ಜಾಗಕ್ಕೆ ಹಿಡಿದು ನಿಂತರೆ ಸಾಮಾನ್ಯ ಗಾಜು ಅಲ್ಲೇ ಬಿರಿದೀತು. ಉಳಿದ ಅಂಟಿಗೆ ಸೋಪುನೀರು ಸಿಂಪಡಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಒಂದು ಗಂಟೆ ನೆನೆಯಲು ಬಿಡಿ. ಮೆದುವಾದ ಅಂಟನ್ನು ಹೊಸ ಬ್ಲೇಡಿನಿಂದ ಮುಂದಕ್ಕೆ ಮಾತ್ರ ತಳ್ಳಿ ಕೆರೆದು, ಮಣಿಯದ ಚೂರುಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಿಂದ ಒರೆಸಿ. ಹೊಸ ಫಿಲ್ಮ್ ಹಾಕುವುದಿದ್ದರೆ ಅದಾದ ಮೇಲೂ ಗಾಜನ್ನು ಮೊದಲಿನಿಂದ ತೊಳೆಯಬೇಕು, ಹಳೆ ಅಂಟಿನ ತೆಳು ಪದರ ಹೊಸ ಫಿಲ್ಮಿನಡಿ ಕಲೆಯಾಗಿ ಕಾಣುತ್ತದೆ.